ಕಳಿಸಿದ ಅಕ್ಷರ ಮರಳಿ ಬರಬೇಕು

ಬೆಳಗಿನ ಆರು ಗಂಟೆ. ಬೀದಿಯ ಅಂಗಡಿಗಳಿನ್ನೂ ಬಾಗಿಲು ತೆರೆದಿಲ್ಲ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಹೆಬ್ಬೆರಳಿನಷ್ಟಿರುವ ಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ. ಕಳಿಸುವ ಪಿನ್ನಿಗೂ ಪಡೆಯುವ ಪಿನ್ನಿಗೂ ತುಂಡು ತಂತಿ ಜೋಡಿಸಿ, ಕೀಲಿಮಣೆಯಲ್ಲಿ ಒಂದು ಅಕ್ಷರ ಒತ್ತುತ್ತಾರೆ. ಅದೇ ಅಕ್ಷರ ಮರಳಿ ಬಂದು ಪರದೆಯಲ್ಲಿ ಮೂಡುತ್ತದೆ.

"ಹ್ಞಾಂ, ಇದು ಬಾಯಿ ಬಿಡ್ತು. ಮುಂದಿಂದು ಬರ್ಲಿ."

ಇವರು 'ಟೆಸ್ಟಿಂಗ್ ಅಕ್ಕ'. ಕಂಪ್ಯೂಟರಿನ ಯುಎಸ್‌ಬಿ ಸಂಕೇತವನ್ನು ಪುಟ್ಟ ಯಂತ್ರಗಳ 'ಸೀರಿಯಲ್' ಸಂಕೇತಕ್ಕೆ ಬದಲಿಸುವ ಚಿಪ್ಪಿನ ಬೋರ್ಡುಗಳಿಗೆ ಪಿನ್ನು ಬೆಸೆದು, ಪರೀಕ್ಷಿಸುವುದು ಇವರ ಕೆಲಸ. ಹವ್ಯಾಸಕ್ಕೆಂದು ಮನೆಯಲ್ಲೇ ಯಂತ್ರ ಕಟ್ಟುವವರಿಗೆ ಈ ಚಿಪ್ಪು ಇಲ್ಲದಿದ್ದರೆ ಕೈ ಕಟ್ಟಿದಂತೆ. ಕಂಪ್ಯೂಟರಿನದೊಂದು ಭಾಷೆ, ಪುಟ್ಟ ಯಂತ್ರದ್ದೊಂದು ಭಾಷೆ. ನಡುವೆ ಇದು ದುಭಾಷಿ. ದಿನಕ್ಕೆ ನೂರಿಪ್ಪತ್ತು ಬೋರ್ಡು ಅಕ್ಕನ ಕೈ ದಾಟುತ್ತವೆ. ಮೂರೋ ನಾಲ್ಕೋ ಮೂಕವಾಗಿಯೇ ಉಳಿದು ಕಸದ ಡಬ್ಬಿ ಸೇರುತ್ತವೆ.

ಅಕ್ಕನ ಗಂಡ ರೇಡಿಯೋ ರಿಪೇರಿ ಮಾಡುತ್ತಿದ್ದವರು. "ಅವ್ರ ಕೈ ನಡುಗೋಕೆ ಶುರುವಾಯ್ತು. ಸೋಲ್ಡರಿಂಗ್ ಐರನ್ ನನ್ನ ಕೈಗೆ ಬಂತು. ಮೊದಲ ತಿಂಗಳು ಬೋರ್ಡಿಗಿಂತ ಬೆರಳೇ ಜಾಸ್ತಿ ಸುಟ್ಕೊಂಡೆ" ಎಂದು ಅಕ್ಕ ನಗುತ್ತಾರೆ. ಇಂದಿಗೂ ಗಂಡ ಪಕ್ಕದಲ್ಲೇ ಕೂತು, ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ ತಪ್ಪು ಹುಡುಕುತ್ತಾರೆ. ಸಿಕ್ಕರೆ ಅವರಿಗೆ ಹಬ್ಬ.

ಆದರೆ ಕಳೆದ ವರ್ಷದ ಒಂದು ತಪ್ಪು ಅವರ ಕಣ್ಣಿಗೂ ಬೀಳಲಿಲ್ಲ. ನಿವೃತ್ತ ದರ್ಜಿಯೊಬ್ಬರು, ಕಿವಿ ಕೇಳದ ಹೆಂಡತಿಗಾಗಿ, ಬಾಗಿಲ ಬೆಲ್ ಒತ್ತಿದರೆ ಒಳಗೆ ದೀಪ ಹತ್ತುವ ಸಾಧನ ಕಟ್ಟುತ್ತಿದ್ದರು. ಅವರ ವೈರ್‌ಲೆಸ್ ಭಾಗಕ್ಕೆ ಬೇಕಿದ್ದದ್ದು ಮೂರು ಚಿಲ್ಲರೆ ವೋಲ್ಟ್. ಅಕ್ಕ ಕೊಟ್ಟ ಬೋರ್ಡಿನಲ್ಲಿ ವೋಲ್ಟ್ ಆರಿಸುವ ಪುಟ್ಟ ಕೊಂಡಿ, ಜಂಪರ್, ಐದು ವೋಲ್ಟಿನಲ್ಲಿ ಕೂತಿತ್ತು. ಪರೀಕ್ಷೆಯಲ್ಲಿ ಅಕ್ಷರವೇನೋ ಮರಳಿ ಬಂದಿತ್ತು. ವೋಲ್ಟ್ ಎಷ್ಟಿದ್ದರೂ ಅದು ಬರುತ್ತದೆ. ನಾಲ್ಕು ತಿಂಗಳ ಶ್ರಮ ಕ್ಷಣದಲ್ಲಿ ಸುಟ್ಟುಹೋಯಿತು.

"'ವಯಸ್ಸಾಯ್ತು, ಇದೆಲ್ಲ ನನಗೆ ಹತ್ತಲ್ಲ' ಅಂತ ಅವ್ರು ಸಾಮಾನೆಲ್ಲ ಡಬ್ಬಿಗೆ ತುಂಬ್ಕೊಂಡು ಬಂದ್ರು. ಬೋರ್ಡ್ ನೋಡಿದ ಕೂಡ್ಲೇ ನನಗೆ ಗೊತ್ತಾಯ್ತು. ಬಾಯಿ ಮುಚ್ಕೊಂಡಿದ್ರೆ ಮುಗಿದೇ ಹೋಗ್ತಿತ್ತು. ಆದ್ರೆ ಆ ಮನುಷ್ಯ ತನ್ನನ್ನೇ ದಡ್ಡ ಅಂದ್ಕೊಂಡು ಮನೆಗೆ ಹೋಗ್ತಿದ್ರಲ್ಲ! ತಪ್ಪು ನಂದು ಅಂದೆ. ಮತ್ತೆ ಕಟ್ಟಿ, ಜೊತೆಗೆ ನಾನಿರ್ತೀನಿ ಅಂದೆ."

ಅಂದಿನಿಂದ ಅಕ್ಷರ ಮರಳಿದ ಮೇಲೂ ಪ್ರತಿ ಬೋರ್ಡಿಗೆ ವೋಲ್ಟ್ ಅಳೆಯುವ ಮೀಟರಿನ ಕಡ್ಡಿ ಮುಟ್ಟಿಸುತ್ತಾರೆ. ಬೀದಿ ಏಳುವ ಮೊದಲೇ ಬರುವುದು ಅದಕ್ಕೇ. ಮಾಲೀಕರು ಹೇಳಿದ್ದಲ್ಲ, ಅಕ್ಕನೇ ಹಾಕಿಕೊಂಡ ಕಟ್ಟಳೆ. ಇಂಥವರಿರುವುದರಿಂದಲೇ ಎಷ್ಟೋ ಮನೆಗಳ ಮೇಜಿನ ಮೇಲೆ ಯಂತ್ರಗಳು ಮಾತಾಡುತ್ತಿವೆ ಎಂದು ನೋಡುವವರಿಗೆ ಹೆಮ್ಮೆಯಾಗುತ್ತದೆ.

ಅಂಗಡಿ ತೆರೆಯುವ ಹೊತ್ತಿಗೆ ದರ್ಜಿ ಬರುತ್ತಾರೆ. ಹದಿನೈದು ವರ್ಷ ಹಿರಿಯರಾದರೂ ಅವರಿಗೂ ಇವರು ಅಕ್ಕನೇ.

"ಅಕ್ಕಾ, ನಿನ್ನೆ ಸಂಜೆ ಬೆಲ್ ಒತ್ತಿದೆ. ಇಪ್ಪತ್ತು ವರ್ಷದಿಂದ ನನ್ನ ಮನೆಗೆ ನಾನೇ ಬೀಗ ತೆಗೆದು ಹೋಗ್ತಿದ್ದೆ. ನಿನ್ನೆ ದೀಪ ಹತ್ತಿದ್ದು ನೋಡಿ ನನ್ನವ್ಳೇ ಬಂದು ಬಾಗಿಲು ತೆಗೆದ್ಲು."

ಅಕ್ಕನ ಗಂಡ ಭೂತಗನ್ನಡಿ ಕೆಳಗಿಡುತ್ತಾರೆ. ಅಕ್ಕ ಮುಂದಿನ ಬೋರ್ಡು ಕೈಗೆತ್ತಿಕೊಂಡು, ತಲೆ ಎತ್ತದೆ ಹೇಳುತ್ತಾರೆ:

"ಈ ಸಲ ಕೈಕೊಡಲ್ಲ ಅಂತ ಗೊತ್ತಿತ್ತು. ಎರಡು ಸಲ ಅಳೆದಿದ್ದೆ."