ಬೇರೆ ಒಲೆಯ ರೇಷನ್ ಕಾರ್ಡ್

ಇವತ್ತು ಬೆಳಿಗ್ಗೆ ನಡೆದದ್ದು ಕೇಳಿ ಮಾರಾಯ್ರೆ. ಮೈದುನನ ಸಂಸಾರದಿಂದ ಬೇರೆಯಾಗಿ, ಶಿರಸಿಯ ಅದೇ ಮನೆಯ ಇನ್ನೊಂದು ಪಾಲಿನಲ್ಲಿ ಒಲೆ ಹೂಡಿ, ಹೊಸ ರೇಷನ್ ಕಾರ್ಡಿಗೆ ಅರ್ಜಿ ಹಾಕಿದ್ದೆವು. ನನ್ನ ಗಂಡ ಗೂಡ್ಸ್ ರಿಕ್ಷಾ ಓಡಿಸುತ್ತಾರೆ; ಆ ಅಕ್ಕಿ ಇಲ್ಲದೆ ನಮ್ಮ ತಿಂಗಳು ಸಾಗುವುದಿಲ್ಲ.

ಪರಿಶೀಲನೆಗೆ ಬಂದ ಹಾವೇರಿ ಕಡೆಯ ಸಾಹೇಬರು, "ಅಡಗಿ ಬ್ಯಾರೆ ಮಾಡ್ತೀರೇನ್ರಿ?" ಎಂದು ಕೇಳಿದರು.

"ಪೂರಾ ಬೇರೆ ಸರ್," ಎಂದೆ.

ಅಷ್ಟರಲ್ಲಿ ಗೋಡೆಯಾಚೆಯಿಂದ ಓರಗಿತ್ತಿ ಕೂಗಿದಳು: "ಅಕ್ಕಾ, ನೀ ಸಾರು ಮಾಡೂದು ಬೇಡ, ನಾನೇ ಜಾಸ್ತಿ ಮಾಡಿದ್ದೆ!"

ಸಾಹೇಬರ ಪೆನ್ನು ನಿಂತಿತು. ನಾನು ಒಲೆಯತ್ತ ಓಡಿ, ಬೇಯುತ್ತಿದ್ದ ಅನ್ನದ ಮುಚ್ಚಳ ತೆಗೆದು ತೋರಿಸಿ, "ಅನ್ನ ನಮ್ಮದೇ ಸರ್, ಸಾರು ಮಾತ್ರ ಅವಳದ್ದು," ಎಂದೆ.

ಅವರು ನಕ್ಕೇಬಿಟ್ಟರು. "ಸರಕಾರ ಕೊಡೂದು ಅಕ್ಕಿ ಅಷ್ಟರೀ, ಸಾರಲ್ಲ," ಎಂದು ಸಹಿ ಹಾಕಿದರು.

ನಾವು ಬೇರೆಯಾದದ್ದು ಅಂತೂ ಸರ್ಕಾರಕ್ಕೆ ಗೊತ್ತಾಯಿತು. ಓರಗಿತ್ತಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.