ಏಳು ತಿರುವಿನ ಇಳಿಜಾರಿಗೊಂದು ಗಾಡಿ

ಕಚೇರಿಯಲ್ಲಿ ಅವರನ್ನು ಎಲ್ಲರೂ ಗುಂಜಿ ಎಂದು ಕರೆಯುತ್ತಿದ್ದರು. ಎದುರಿಗೆ ಸಾಹೇಬರು ಎಂಬ ಬಾಲ ಸೇರಿಸಿ, ಬೆನ್ನ ಹಿಂದೆ ಆ ಬಾಲ ಕತ್ತರಿಸಿ. ಅಂಗಡಿಯ ತಕ್ಕಡಿಯಿಂದ ಹಿಡಿದು ಲಾರಿ ನಿಲ್ಲುವ ವೇಬ್ರಿಡ್ಜ್‌ವರೆಗೆ ತೂಕದ ಸಾಧನಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಇಪ್ಪತ್ತೇಳು ವರ್ಷಗಳಲ್ಲಿ, ಚಿನ್ನ ತೂಗುವ ಒಂದು ಗುಂಜಿಯಷ್ಟು ವ್ಯತ್ಯಾಸವನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ. ಮನೆಯಲ್ಲಿ ಉಪ್ಪಿನ ಪೊಟ್ಟಣವನ್ನೂ ಅಂಗೈಯಲ್ಲಿಟ್ಟು ತೂಗದೆ ಡಬ್ಬಿಗೆ ಸುರಿಯಲು ಬಿಡುತ್ತಿರಲಿಲ್ಲ. ನನ್ನನ್ನು ಒಪ್ಪಿಕೊಂಡಾಗ ಯಾವ ತಕ್ಕಡಿ ತಂದಿದ್ದರೋ ಎಂದು ಹೆಂಡತಿ ನಗುತ್ತಿದ್ದಳು.

ಅಂಥ ಮನುಷ್ಯ ಐವತ್ತೈದರ ವಯಸ್ಸಿನಲ್ಲಿ ಊಟ ನಿದ್ದೆ ಬಿಟ್ಟದ್ದು ಒಂದು ಗಾಡಿಯ ಸಲುವಾಗಿ.

ಮಗಳ ಮನೆ ಗುಡ್ಡದ ನೆತ್ತಿಯ ಮೇಲಿತ್ತು. ಹಸಿರು ಬಲೆಯ ಚಪ್ಪರಗಳ ಕೆಳಗೆ ಹೂವಿನ ಸಸಿ ಬೆಳೆಸಿ ಮಾರುವ ಮನೆ. ಕೆಳಗಿನ ಡಾಂಬರು ರಸ್ತೆಯಿಂದ ಅಲ್ಲಿಗೆ ಮೂರೂವರೆ ಕಿಲೋಮೀಟರು ಮಣ್ಣಿನ ಏರು, ಏಳು ತಿರುವು. ಅಳಿಯ ಸುರಂಗ ಕೊರೆಯುವ ಕೆಲಸದವನು; ತಿಂಗಳಲ್ಲಿ ಇಪ್ಪತ್ತು ದಿನ ನೆಲದ ಹೊಟ್ಟೆಯೊಳಗೇ ಇರುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಮಗಳು ಮತ್ತು ಅವಳ ಅತ್ತೆ, ಇಬ್ಬರೇ.

ಹೋದ ವರ್ಷ ಮಳೆಗಾಲದಲ್ಲಿ ಮಗಳಿಗೆ ಐದನೇ ತಿಂಗಳಲ್ಲೇ ನೋವು ಕಾಣಿಸಿಕೊಂಡಿತ್ತು. ಕರೆಸಿದ ಟ್ಯಾಕ್ಸಿಯವನು ಮೊದಲ ತಿರುವಿನ ಕೆಸರು ನೋಡಿ ಹಿಂದಕ್ಕೆ ಹೋದ. ನಾಲ್ಕು ಜನ ಸೇರಿ ಅವಳನ್ನು ಮಂಚದ ಸಮೇತ ಹೊತ್ತು ಇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಗುಂಜಿಯವರು ತಡೆದುಕೊಳ್ಳಲಾರದೆ, ಇಷ್ಟು ಮೇಲೆ ಮನೆ ಕಟ್ಟಿಕೊಂಡವರಿಗೆ ಬುದ್ಧಿ ಬೇಡವೇ ಎಂದುಬಿಟ್ಟರು. ಬೀಗಿತ್ತಿ ಮರುಮಾತಾಡಲಿಲ್ಲ. ಆಡಿದ ಮಾತು ಒಡೆದ ಮುತ್ತು. ಅಂದಿನಿಂದ ಎರಡೂ ಮನೆಗಳ ನಡುವೆ ಆರೋಗ್ಯ ಹೇಗಿದೆ, ಚೆನ್ನಾಗಿದೆ ಎಂಬಲ್ಲಿಗೆ ಮಾತು ನಿಂತಿತ್ತು.

ಈಗ ಮಗಳಿಗೆ ಮತ್ತೆ ಏಳು ತಿಂಗಳು. ಹೆರಿಗೆಗೆ ಇನ್ನು ಹತ್ತು ವಾರ, ಮಳೆ ನಡುನಡುವೆ ಹಿಡಿದುಕೊಳ್ಳುವ ಕಾಲ. ತಮ್ಮ ಮನೆಗೆ ಕರೆತರೋಣವೆಂದರೆ ಅದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಡಾಕ್ಟರು ಮೆಟ್ಟಿಲ ಹೆಸರೆತ್ತಬೇಡಿ ಎಂದಿದ್ದರು. ಆಸ್ಪತ್ರೆಯ ಪಕ್ಕ ರೂಮು ಹಿಡಿಯೋಣವೆಂದರೆ ಮಗಳು ಸುತರಾಂ ಒಪ್ಪಲಿಲ್ಲ. ಅಪರಿಚಿತ ಗೋಡೆ ನೋಡಿಕೊಂಡು ಎರಡು ತಿಂಗಳು ಮಲಗಿದರೆ ಭಯವೇ ತನ್ನನ್ನು ತಿಂದುಹಾಕುತ್ತದೆ ಎಂದಳು. ಹಾಗಾಗಿ ನಾಲ್ಕು ಚಕ್ರಕ್ಕೂ ಎಳೆತವಿರುವ ಒಂದು ಸಣ್ಣ ಗಾಡಿ ಕೊಳ್ಳಬೇಕೆಂದು ಗುಂಜಿಯವರು ತೀರ್ಮಾನಿಸಿದರು.

ಆ ಅಳತೆಯಲ್ಲಿ ಷೋರೂಮಿನಲ್ಲಿದ್ದವು ಎರಡೇ. ಒಂದು ಚೌಕ ಮುಖದ್ದು: ಕ್ಲಚ್ಚು, ಗೇರು, ಗೇರಿನ ಪಕ್ಕ ಇನ್ನೊಂದು ಮೋಟು ಸನ್ನೆ. ಆ ಸನ್ನೆ ಎಳೆದರೆ ಗಾಡಿ ಆನೆಯ ಹಾಗೆ ನಿಧಾನವಾಗಿ, ಬಲವಾಗಿ ಹೆಜ್ಜೆಯಿಡುತ್ತಿತ್ತು. ಇನ್ನೊಂದು ನುಣುಪು ಮೈಯದು: ಗೇರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು, ಮುಂದಿನ ಚಕ್ರ ಜಾರಿದರೆ ಹಿಂದಿನದಕ್ಕೆ ತಾನೇ ಬಲ ಕೊಡುತ್ತಿತ್ತು, ಒಂದು ಬಟನ್ ಒತ್ತಿದರೆ ಇಳಿಜಾರಿನಲ್ಲಿ ತಾನೇ ಬ್ರೇಕು ಹಿಡಿದು ಇಳಿಯುತ್ತಿತ್ತು. ಹೆಂಡತಿ ಮೊದಲನೆಯದಕ್ಕೆ ಮುಂಗೋಪಿ ಎಂದೂ ಎರಡನೆಯದಕ್ಕೆ ಸಂಭಾವಿತ ಎಂದೂ ಹೆಸರಿಟ್ಟಳು. ಗುಂಜಿಯವರಿಗೆ ಸಂಭಾವಿತನ ಮೇಲೆ ನಂಬಿಕೆ ಹುಟ್ಟಲಿಲ್ಲ. ಎಲ್ಲವನ್ನೂ ತಾನೇ ಮಾಡುತ್ತೇನೆ ಎನ್ನುವ ಯಂತ್ರಗಳ ಹುಳುಕು ಅವರು ಕಾಣದ್ದೇ?

ಗಾಡಿಗಿಂತ ಹೆಚ್ಚು ಕಾಡಿದ್ದು ಅದರ ಜೊತೆಗೆ ಹಾಕಿಸಬಹುದಾದ ಸಾಮಾನುಗಳ ಪಟ್ಟಿ. ನಾಲ್ಕು ಪುಟ ಇತ್ತು. ಹೊಟ್ಟೆಯಡಿಯ ಕಬ್ಬಿಣದ ತಗಡು, ಹಿಂದೆ ನೋಡುವ ಕ್ಯಾಮೆರಾ, ಎಳೆಯುವ ಕೊಕ್ಕೆ, ಒರಟು ಟಯರು, ಹತ್ತಲು ಪಕ್ಕದ ಮೆಟ್ಟಿಲು. ಕಾರ್ಖಾನೆಯಲ್ಲೇ ಹಾಕಿಸಬೇಕಾದರೆ ಗಾಡಿ ಬರುವುದು ಏಳೆಂಟು ವಾರ ತಡ. ಆಮೇಲೆ ಹೊರಗೆ ಹಾಕಿಸಿದರೆ ಗ್ಯಾರಂಟಿ ಇಲ್ಲ. ಮೆಟ್ಟಿಲು ಬೇಕೇ ಬೇಕು, ತುಂಬುಬಸುರಿ ಅಷ್ಟೆತ್ತರ ಕಾಲೆತ್ತುವುದು ಹೇಗೆ? ಆದರೆ ಮೆಟ್ಟಿಲು ಹಾಕಿಸಿದರೆ ಗಾಡಿಯ ಪಕ್ಕ ಕೆಳಗಿಳಿಯುತ್ತದೆ, ನಾಲ್ಕನೇ ತಿರುವಿನ ಬಂಡೆಗೆ ಅದೇ ತಗುಲಿದರೆ? ಅವರು ಒಂದು ಭಾನುವಾರ ಗುಡ್ಡಕ್ಕೆ ಹೋಗಿ ಆ ಬಂಡೆಯ ಎತ್ತರ ಅಳೆದು, ಮನೆಯೊಳಗೆ ಕಾಲಿಡದೆ, ಗೇಟಿನಲ್ಲೇ ಮಗಳನ್ನು ಮಾತಾಡಿಸಿ ಬಂದರು. ಆರು ಮಿಲಿಮೀಟರು ಉಳಿಯುತ್ತಿತ್ತು. ಆರು ಮಿಲಿಮೀಟರಿನ ಮೇಲೆ ಮೂರು ರಾತ್ರಿ ಹೊರಳಾಡಿದರು.

ಷೋರೂಮಿನ ಹುಡುಗಿ ತಾಳ್ಮೆಯವಳು. ದಿನಕ್ಕೆರಡು ಸಲ ಫೋನಿನಲ್ಲಿ ಅವರ ಸಂದೇಹಗಳಿಗೆ ಉತ್ತರಿಸುತ್ತಿದ್ದಳು. ಒಮ್ಮೆ ಮಾತ್ರ, ಗಾಡಿಯ ನೆತ್ತಿಗೆ ಗಾಜಿನ ಕಿಟಕಿ ಹಾಕಿಸಿ ಸಾರ್, ಮಲಗಿಕೊಂಡೇ ಆಕಾಶ ನೋಡಬಹುದು ಎಂದಳು.

"ನಮಗೆ ಬೇಕಾಗಿರೋದು ನೆಲ ಕಣಮ್ಮ. ಆಕಾಶ ಹೇಗಿದ್ರೂ ಎಲ್ಲೂ ಹೋಗಲ್ಲ" ಎಂದರು ಅವರು.

ಕೊನೆಗೆ ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು. ಡಾಕ್ಟರ ಚೀಟಿಯ ಪ್ರಕಾರ ಮಗಳ ತೂಕ ಅರವತ್ತೆರಡು ಕಿಲೋ. ಕಚೇರಿಯಿಂದ ಪರೀಕ್ಷೆಗೆ ಒಯ್ಯುವ ಕಬ್ಬಿಣದ ತೂಕದ ಬಟ್ಟುಗಳನ್ನು ತಂದು, ಇಪ್ಪತ್ತರವು ಮೂರು ಮತ್ತು ಎರಡರದ್ದು ಒಂದನ್ನು, ಮುಂಗೋಪಿಯ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದರು. ಕೆಳಗೆ ಹಳೆಯ ಚಾದರ ಹಾಸಲು ಮರೆಯಲಿಲ್ಲ. ಹುಡುಗಿ ಪಕ್ಕದಲ್ಲಿ ಕುಳಿತು ಒಮ್ಮೆ ಹಿಂದೆ ತಿರುಗಿ ನೋಡಿ ತನ್ನ ಬೆಲ್ಟನ್ನೂ ಬಿಗಿದುಕೊಂಡಳು. ತಾವೇ ಓಡಿಸಿದರು. ಗುಡ್ಡಕ್ಕೆ ಒಯ್ಯಲು ಧೈರ್ಯ ಬಾರದೆ, ಊರ ಹೊರಗೆ ಕ್ವಾರಿಯ ಪಾಳು ದಾರಿಯಲ್ಲಿ ಹತ್ತಿಸಿ ಇಳಿಸಿದರು. ಮುಂಗೋಪಿ ಮೇಕೆಯ ಹಾಗೆ ಹತ್ತಿತು. ಬಟ್ಟುಗಳು ಕೂರಿಸಿದಲ್ಲಿಂದ ಬೆರಳಗಲವೂ ಜರುಗಲಿಲ್ಲ. ಅಂದೇ ಬುಕಿಂಗ್ ಫಾರಂ ತುಂಬಿದರು: ಮೆಟ್ಟಿಲು, ತಗಡು, ಕ್ಯಾಮೆರಾ. ಏಳು ವಾರ.

ಸಂಜೆ ಮನೆಯಲ್ಲಿ ಬಹಳ ದಿನಗಳ ಮೇಲೆ ಎರಡನೇ ಸಲ ಅನ್ನ ಬಡಿಸಿಕೊಂಡರು. ಹೆಂಡತಿ ಕೈತೊಳೆದು ಬಂದು ಎದುರಿಗೆ ಕುಳಿತಳು.

"ಹಿಂದೆ ಕಬ್ಬಿಣ ಕೂತಿತ್ತು, ಸರಿ. ಓಡ್ಸಿದ್ದು ಯಾರು?"

"ನಾನೇ. ಇನ್ಯಾರು?"

"ನೋವು ಬಂದ ದಿನ ನೀವು ಎಲ್ಲಿರ್ತೀರಿ?"

ಅನ್ನದ ಮೇಲೆ ಅವರ ಕೈ ನಿಂತಿತು. ವಾರದಲ್ಲಿ ನಾಲ್ಕು ದಿನ ಅವರಿರುತ್ತಿದ್ದದ್ದು ಯಾವುದೋ ಊರಿನ ವೇಬ್ರಿಡ್ಜ್ ಮೇಲೆ. ಮನೆಯಲ್ಲೇ ಇದ್ದರೂ ಗುಡ್ಡದ ಬುಡ ಮುಟ್ಟಲು ಮುಕ್ಕಾಲು ಗಂಟೆ. ಬಂಡೆ ಅಳೆದಿದ್ದರು, ಟಯರಿನ ಹಲ್ಲು ಅಳೆದಿದ್ದರು, ಮಗಳನ್ನು ಕಿಲೋ ಲೆಕ್ಕದಲ್ಲಿ ಕೂರಿಸಿ ನೋಡಿದ್ದರು. ಸ್ಟೇರಿಂಗ್ ಹಿಡಿಯುವವರು ಯಾರೆಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಗಾಡಿ ಗುಡ್ಡದ ಮೇಲೇ ಇರಬೇಕು. ಅಲ್ಲಿ ಡ್ರೈವಿಂಗ್ ಬಲ್ಲವರು ಒಬ್ಬರೇ. ಸಸಿ ಸಾಗಿಸುವ ಹಳೆಯ ಪಿಕಪ್ಪನ್ನು ಒಣದಾರಿಯಲ್ಲಿ ಸಂತೆಗೆ ಓಡಿಸುವ ಬೀಗಿತ್ತಿ.

ಫೋನಿನಲ್ಲಿ ಕೇಳುವ ಮಾತಲ್ಲ. ಹೋಗೋಣ, ನಾಳೆ ಹೋಗೋಣ ಎನ್ನುತ್ತ ಗುಂಜಿಯವರು ಹತ್ತು ದಿನ ಕಳೆದರು. ಹನ್ನೊಂದನೇ ದಿನ ಹೆಂಡತಿ ಅವರ ಚಪ್ಪಲಿಯನ್ನು ಬಾಗಿಲ ಹೊರಗೆ ತಂದಿಟ್ಟಳು.

ಬೀಗಿತ್ತಿ ಬಲೆಯ ಚಪ್ಪರದಡಿ ಸಸಿಗಳನ್ನು ದೊಡ್ಡ ಚೀಲಕ್ಕೆ ಬದಲಿಸುತ್ತಿದ್ದರು. ಅರವತ್ತೊಂದರ ಗಿಡ್ಡ ಹೆಂಗಸು, ಮೊಣಕೈವರೆಗೆ ಮಣ್ಣು. ಬೀಗರನ್ನು ಕಂಡು ಎದ್ದರು. ಏಳುವಾಗ ಎಡ ಮಂಡಿಗೆ ಕೈ ಕೊಟ್ಟದ್ದು ಗುಂಜಿಯವರ ಕಣ್ಣಿಗೆ ಬಿತ್ತು. ಕುಳಿತು, ನೀರು ಕುಡಿದು, ಮಾತು ತಿರುಗಿಸಿ ಮುರುಗಿಸಿ, ಕಡೆಗೆ ವಿಷಯಕ್ಕೆ ಬಂದರು. ಹೋದ ವರ್ಷ ತಾವಾಡಿದ ಮಾತು ತಪ್ಪು ಎಂದು ಮೊದಲು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು.

ಬೀಗಿತ್ತಿ ಕೈಯ ಮಣ್ಣು ಉಜ್ಜಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ ಮನೆಯ ಕಡೆ ಒಮ್ಮೆ ನೋಡಿ, ಸೊಸೆ ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ನೀವು ಅವತ್ತು ಅಂದಿದ್ದು ಕಡಿಮೆನೇ ಆಯ್ತು ಬೀಗರೇ. ಪಿಕಪ್ಪು ಅಂಗಳದಲ್ಲೇ ನಿಂತಿತ್ತು. ಕೀ ನನ್ನ ಕೈಯಲ್ಲೇ ಇತ್ತು. ಆ ಕೆಸರಲ್ಲಿ ಇಳಿಸೋಕೆ ಧೈರ್ಯ ಬರ್ಲಿಲ್ಲ. ಮಂಚ ಹೊರೋರನ್ನ ಕರೆದೆ. ಮಗನಿಗೂ ಹೇಳಿಲ್ಲ ಇದನ್ನ."

ತಮ್ಮ ಕೈಯಲ್ಲಿ ಕೀ ಇದ್ದಿದ್ದರೂ ಆಗುತ್ತಿದ್ದದ್ದು ಅಷ್ಟೇ ಎಂದು ಗುಂಜಿಯವರಿಗನ್ನಿಸಿತು. ಅದನ್ನೇ ಹೇಳಿದರು. ಗಾಡಿ ತರಿಸಿ, ಓಡಿಸಿ ನೋಡ್ತೀನಿ ಎಂದು ಬೀಗಿತ್ತಿ ಮತ್ತೆ ಚೀಲಕ್ಕೆ ಮಣ್ಣು ತುಂಬತೊಡಗಿದರು.

ಮರುದಿನ ಷೋರೂಮಿನ ಹುಡುಗಿ ಒಂದರ ಹಿಂದೊಂದು ಎರಡೂ ಗಾಡಿಗಳನ್ನು ಗುಡ್ಡಕ್ಕೆ ತರಿಸಿದಳು. ಬೆಳಗಿನ ಜಾವ ಮಳೆ ಬಿದ್ದು ದಾರಿ ಇನ್ನೂ ಹಸಿಯಾಗಿತ್ತು. ಮುಂಗೋಪಿಯ ಕ್ಲಚ್ಚನ್ನು ಬೀಗಿತ್ತಿ ಪೂರ್ತಿ ಒತ್ತಿ ಹಿಡಿದು ಆ ಮೋಟು ಸನ್ನೆ ಎಳೆಯಬೇಕಿತ್ತು. ಎರಡನೇ ಸಲಕ್ಕೇ ಅವರ ಮೇಲ್ದುಟಿಯಲ್ಲಿ ಬೆವರು ಮೂಡಿತು. ಮೂರನೇ ಸಲ ಮಂಡಿ ನಡುಗಿ, ಕ್ಲಚ್ಚು ಕಾಲಿನಿಂದ ಜಾರಿ, ಗಾಡಿ ಗಕ್ಕನೆ ಕುಪ್ಪಳಿಸಿ ನಿಂತಿತು. ಬೀಗಿತ್ತಿಯೇ ಇಳಿದು ಬಾಗಿಲು ಹಾಕಿದರು.

ಸಂಭಾವಿತನಲ್ಲಿ ಸೀಟನ್ನು ಎತ್ತರಿಸುವ ಅನುಕೂಲವಿತ್ತು. ಕಟ್ಟಕಡೆಗೆ ಏರಿಸಿದ ಮೇಲೆ ಬಾನೆಟ್ಟಿನ ಅಂಚು ಕಾಣುತ್ತದೆ ಎಂದರು. ಹುಡುಗಿ ಮುಂದೆ, ಗುಂಜಿಯವರು ಹಿಂದೆ ಕುಳಿತರು. ಎರಡನೇ ತಿರುವಿನ ಇಳಿಜಾರಿನಲ್ಲಿ ಹುಡುಗಿ ಬಟನ್ ಒತ್ತಿಸಿ, ಇನ್ನು ಬ್ರೇಕಿನ ಮೇಲಿಂದ ಕಾಲು ತೆಗೀರಿ ಅಮ್ಮಾ ಎಂದಳು. ಕಾಲು ಬರಲಿಲ್ಲ. ಗಾಡಿ ಕೆಸರಿನ ಇಳಿಜಾರಿನ ನೆತ್ತಿಯ ಮೇಲೆ ಹಾಗೇ ನಿಂತಿತ್ತು. ಒಂದು ಕಡೆ ಗೋಡೆಯಂಥ ಮಣ್ಣು, ಇನ್ನೊಂದು ಕಡೆ ಬರೀ ಗಾಳಿ. ಬೀಗಿತ್ತಿಯ ಕಿವಿಯ ಹಿಂದೆ ನರ ಹೊಡೆದುಕೊಳ್ಳುತ್ತಿದ್ದದ್ದು ಗುಂಜಿಯವರಿಗೆ ಕಾಣಿಸುತ್ತಿತ್ತು. ಬೇಡ ಬಿಡಿ, ಇಳಿಯೋಣ ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತು.

ಬೀಗಿತ್ತಿ ಕಾಲು ತೆಗೆದರು. ಗಾಡಿ ಒಳಗೊಳಗೇ ಗುರುಗುಟ್ಟುತ್ತ, ಮುದುಕಿ ಗೋಡೆ ಹಿಡಿದು ಇಳಿದಂತೆ, ಇಳಿಯತೊಡಗಿತು. ಗುಂಜಿಯವರು ಕೆಳಗೆ ನೋಡಿಕೊಂಡರೆ ತಮ್ಮ ಬಲಗಾಲು ಸೀಟಿನಡಿಯ ನೆಲವನ್ನು ಶಕ್ತಿಯೆಲ್ಲ ಹಾಕಿ ಒತ್ತುತ್ತಿತ್ತು.

ಮುಂಗೋಪಿಯ ಬುಕಿಂಗ್ ರದ್ದು, ಸಂಭಾವಿತನೇ ಎಂದಾಯಿತು. ಆಗ ಪಟ್ಟಿ ಮತ್ತೆ ಎದ್ದು ಕುಳಿತಿತು. ಹೆರಿಗೆಗೆ ಉಳಿದದ್ದು ಏಳು ವಾರ. ಮೆಟ್ಟಿಲು, ತಗಡು ಹಾಕಿಸಿದ ಗಾಡಿ ಬರುವುದಕ್ಕೆ ಎಂಟು. ಷೋರೂಮಿನ ಅಂಗಳದಲ್ಲಿ ಒಂದಿದೆ, ನಾಡಿದ್ದೇ ಕೊಡುತ್ತೇನೆ, ಆದರೆ ಅದಕ್ಕೆ ಯಾವ ಹೆಚ್ಚಿನ ಸಾಮಾನೂ ಇಲ್ಲ ಎಂದಳು ಹುಡುಗಿ. ಗುಂಜಿಯವರು ನಾಲ್ಕೂ ಪುಟ ತಿರುವಿ ಹಾಕಿದರು. ಮೆಟ್ಟಿಲಿಲ್ಲದೆ ಹೇಗೆ, ತಗಡಿಲ್ಲದೆ ಕಲ್ಲು ತಗುಲಿದರೆ ಹೇಗೆ ಎಂದು ತಮ್ಮಷ್ಟಕ್ಕೇ ಗೊಣಗಿದರು. ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಬಂದು ಆ ಕಾಗದ ಕಿತ್ತುಕೊಂಡಳು.

"ಅಪ್ಪ, ಎಲ್ಲ ಇರೋ ಗಾಡಿ ಮಗು ಹುಟ್ಟಿದ ಮೇಲೆ ಬಂದ್ರೆ, ಅದನ್ನ ಮಗು ಓಡ್ಸುತ್ತಾ?"

ಖಾಲಿ ಗಾಡಿಯೇ ಗುಡ್ಡ ಹತ್ತಿತು. ಮುಂದಿನ ಐದು ವಾರ ಬೀಗಿತ್ತಿ ದಿನಕ್ಕೊಂದು ಸಲ ಅದನ್ನು ಇಳಿಸಿ ಹತ್ತಿಸಿದರು. ಗುಂಜಿಯವರಿಗೆ ಸಂಜೆ ಫೋನು ಬರುತ್ತಿತ್ತು: ಇವತ್ತು ಐದನೇ ತಿರುವಿನಲ್ಲಿ ಒಂದು ಗೇಣು ಜಾರಿತು, ಇವತ್ತು ಜಾರಲಿಲ್ಲ. ಹತ್ತಲು ಇಟ್ಟಿಗೆ ಜೋಡಿಸಿದ್ದಾರಂತೆ, ಅದು ಅಲ್ಲಾಡುವುದಿಲ್ಲವಂತೆ. ಅವರ ಭಯ ಕಡಿಮೆಯಾಗಲಿಲ್ಲ. ಆದರೆ ಅದನ್ನು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕಿದ್ದರು.

ನೋವು ಬಂದದ್ದು ಎರಡು ವಾರ ಮೊದಲೇ, ಎಡೆಬಿಡದೆ ಮಳೆ ಹಿಡಿದ ಎರಡನೇ ದಿನ, ಬೆಳಿಗ್ಗೆ ಹತ್ತು ಗಂಟೆಗೆ. ಗುಂಜಿಯವರು ನೂರು ಕಿಲೋಮೀಟರು ದೂರದ ಒಂದು ಜಲ್ಲಿ ಕಾರ್ಖಾನೆಯ ವೇಬ್ರಿಡ್ಜ್ ಕೋಣೆಯಲ್ಲಿದ್ದರು. ಮಗಳಿಂದ ಒಂದೇ ಪದದ ಸಂದೇಶ: ಹೊರಟ್ವಿ. ಇಳಿಜಾರಿನುದ್ದಕ್ಕೂ ಫೋನು ಸಿಗುವುದಿಲ್ಲ. ಅವರು ಗಡಿಯಾರ ನೋಡಿದರು. ಮೊದಲ ತಿರುವು ಈಗ. ಎರಡನೆಯದು. ಕೆಳಗಿನ ರಸ್ತೆ ಮುಟ್ಟಲು ಇಪ್ಪತ್ತು ನಿಮಿಷ ಸಾಕು ಎಂದು ಬೀಗಿತ್ತಿ ಹೇಳಿದ್ದರು. ಇಪ್ಪತ್ತಾಯಿತು. ಮೂವತ್ತಾಯಿತು. ತಗಡಿನ ಸೂರಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಎದುರಿಗಿದ್ದ ಲಾರಿಯ ತೂಕವನ್ನು ಅವರು ಹಾಳೆಯ ಮೇಲೆ ಬರೆದರು. ಡ್ರೈವರು ಇಣುಕಿ ನೋಡಿ, ಸಾಹೇಬ್ರೇ, ಒಂದು ಸೊನ್ನೆ ಜಾಸ್ತಿ ಹಾಕಿದ್ದೀರಿ, ಇಷ್ಟು ಜಲ್ಲಿ ಈ ಬೆಟ್ಟದಲ್ಲೇ ಇಲ್ಲ ಎಂದ.

ನಲವತ್ತೆರಡನೇ ನಿಮಿಷಕ್ಕೆ ಫೋನು ಬಂತು. ಬೀಗಿತ್ತಿಯ ದನಿ ಯಾರದೋ ದನಿಯಂತಿತ್ತು.

"ಇಳಿದ್ವಿ. ಆಸ್ಪತ್ರೆಯವರು ಒಳಗೆ ಕರ್ಕೊಂಡು ಹೋದ್ರು. ನಾನಿನ್ನೂ ಗಾಡಿಯಲ್ಲೇ ಇದ್ದೀನಿ ಬೀಗರೇ, ಸ್ಟೇರಿಂಗ್ ಬಿಡೋಕೆ ಕೈ ಬರ್ತಾ ಇಲ್ಲ. ಇವನ್ಯಾರೋ ಗೇಟಿನವನು ಗಾಡಿ ತೆಗೀರಿ ಅಂತಿದ್ದಾನೆ."

"ಅಲ್ಲೇ ಇರ್ಲಿ. ನಾನು ಬಂದು ತೆಗೀತೀನಿ ಅಂತ ಹೇಳಿ."

ತಾವು ತೂಗಿಸುವ ಗಾಡಿಗೆ ಕಾಲಿಡಬಾರದೆಂಬುದು ಅವರ ಇಲಾಖೆಯ ಕಟ್ಟುನಿಟ್ಟು. ಅಂದು ಅವರು ಹಾಳೆ ಮಡಚಿಟ್ಟು, ಹೊರಗೆ ಬಂದು, ಅದೇ ಲಾರಿಯ ಬಾಗಿಲು ತಟ್ಟಿ, ಮಗಳ ಹೆರಿಗೆ, ಆಸ್ಪತ್ರೆಯ ಕಡೆ ಬಿಡಪ್ಪ ಎಂದರು. ಡ್ರೈವರು ಕೈಕೊಟ್ಟು ಹತ್ತಿಸಿಕೊಂಡ. ಎರಡು ಮೈಲಿ ಹೋದ ಮೇಲೆ, ಗಂಡೋ ಹೆಣ್ಣೋ ಎಂದು ಕೇಳಿದ.

"ಇನ್ನೂ ಏನೂ ಇಲ್ಲ. ಈಗಷ್ಟೇ ಒಳಗೆ ಹೋಗಿದ್ದಾಳೆ" ಎಂದರು ಗುಂಜಿಯವರು, ಎದುರಿನ ಗಾಜಿನ ಮೇಲಿನ ನೀರನ್ನೇ ನೋಡುತ್ತ. "ರಸ್ತೆ ಜಾರುತ್ತೆ, ಸ್ವಲ್ಪ ನಿಧಾನಕ್ಕೆ ಓಡ್ಸಪ್ಪ."

ಮತ್ತೆ ಗಡಿಯಾರ ನೋಡಿಕೊಂಡರು.

"ಬೇಡ. ಬೇಗ ಹೋಗು."