ಕೂಗಿದ ಬೆಲೆಗೆ ಕೊಡದ ಅಜ್ಜ

ಅವರ ರುಮಾಲಿನಲ್ಲಿ ಯಾವಾಗಲೂ ಒಂದು ದಬ್ಬಳ ಸಿಕ್ಕಿಸಿರುತ್ತಿತ್ತು. ಗೋಣಿಚೀಲ ಹೊಲಿಯುವಂಥ ಉದ್ದನೆಯ ಸೂಜಿ. ಅದರ ಕಣ್ಣಿನಿಂದ ಕೆಂಪು ಉಣ್ಣೆಯ ಎಳೆಯೊಂದು ಹಣೆಯ ಮೇಲೆ ಇಳಿದು, ಮಾತಾಡುವಾಗಲೆಲ್ಲ ಹುಬ್ಬಿಗೆ ತಾಕುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕಣ್ಣಿಗೆ ಎಲ್ಲಿ ಚುಚ್ಚುತ್ತೋ ಎಂದು ಸರಿದು ಕೂರುತ್ತಿದ್ದರು. ಅಜ್ಜನಿಗೂ ಅದೇ ಬೇಕಾಗಿತ್ತು. ಕಂಬಳಿ ಗಂಟು ಇಡಲು ಜಾಗವಾಗುತ್ತಿತ್ತು.

ಭರಮಸಾಗರದಲ್ಲಿ ಅವರ ಮನೆ. ನಡುಮನೆಯಲ್ಲೇ ಮಗ್ಗದ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು, ತಮ್ಮದೇ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುತ್ತಿದ್ದರು. ನಾನು ಚಿತ್ರದುರ್ಗದಲ್ಲಿ ಬ್ಲೌಸ್ ಹೊಲಿಯುವವಳು. ಒಂದು ಚಳಿಗಾಲದಲ್ಲಿ ಅವರಿಂದ ಕೊಂಡ ಕಂಬಳಿಯನ್ನು ಕತ್ತರಿಸಿ ನನಗೇ ಒಂದು ಕೋಟು ಹೊಲಿದುಕೊಂಡೆ. ಮುಂದಿನ ಸಲ ಸಿಕ್ಕಾಗ ಅದನ್ನು ತೋರಿಸಿ, ಬೈಸಿಕೊಳ್ಳಲು ತಯಾರಾಗಿ ನಿಂತೆ. ಅಜ್ಜ ಬೈಯಲಿಲ್ಲ. ತೋಳಿನೊಳಗೆ ಕೈ ತೂರಿಸಿ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು.

"ಹೊಲಿಗೆ ಬಾಳ ಬಿಗಿ ಆತು ಕಣವ್ವ. ಉಣ್ಣೆಗೆ ಉಸಿರಾಡಾಕೆ ಜಾಗ ಬಿಡು."

ಅವತ್ತಿನಿಂದ ನನಗೆ ಕಂಬಳಿ ಕೋಟಿನ ಹುಚ್ಚು ಹಿಡಿಯಿತು. ಎರಡು ವರ್ಷ ಅಜ್ಜ ನೇಯ್ದರು, ನಾನು ಹೊಲಿದೆ, ಯಾರೂ ಕೊಳ್ಳಲಿಲ್ಲ. "ಕಂಬಳಿ ಹಾಕ್ಕೊಂಡು ರಿಸೆಪ್ಷನ್ನಿಗೆ ಹೋಗಾಣ ಅಂತೀಯಾ?" ಎಂದು ಗಿರಾಕಿಗಳು ನಕ್ಕರು. ನಾನೂ ಅವರ ಜೊತೆ ನಕ್ಕು, ಅವರು ಹೋದ ಮೇಲೆ ಅಳುತ್ತಿದ್ದೆ. ಅಷ್ಟರಲ್ಲಿ ಅಜ್ಜನ ಮಗ ಗುಂಡಿ ಮುಚ್ಚಿಸಿ ನಡುಮನೆಗೆ ಟೈಲ್ಸ್ ಹಾಕಿಸಬೇಕೆಂದು ಹಟ ಹಿಡಿದ. ಟೈಲ್ಸಿನ ಪೆಟ್ಟಿಗೆಗಳು ಬಂದು ಜಗಲಿಯ ಮೇಲೆ ಕೂತೂ ಬಿಟ್ಟವು.

ಆಗಲೇ ಚಂದ್ರವಳ್ಳಿಯಲ್ಲಿ ಚಿತ್ರಕಲಾವಿದರ ಶಿಬಿರ ನಡೆದದ್ದು. ಕೊನೆಯ ದಿನ ಊರಿನ ಸಭಾಂಗಣದಲ್ಲಿ ಚಿತ್ರಗಳ ಹರಾಜು, ಜೊತೆಗೆ ಡಿಸೈನರ್ ಉಡುಪುಗಳ ಹರಾಜು. ಆಯೋಜಕರಲ್ಲಿ ಯಾರೋ ನನ್ನ ಕೋಟು ನೋಡಿದ್ದರಂತೆ, ಒಂದು ಕೊಡಿ ಎಂದರು. ಅಚ್ಚಾದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಡಿಸೈನರ್ ಎಂದಿತ್ತು. ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತವಳು ಅದನ್ನು ನಾಲ್ಕು ಸಲ ಓದಿಕೊಂಡೆ.

ಅಜ್ಜ ಮಗನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. "ಈ ಕೋಟು ಮರ್ಯಾದಿ ಬೆಲಿಗೆ ಹೋದ್ರೆ ಮಗ್ಗ ಇರ್ಲಿ. ಹೋಗ್ಲಿಲ್ಲಾಂದ್ರೆ ಗುಂಡಿಗೆ ನಾನೇ ಮೊದ್ಲ ಬುಟ್ಟಿ ಮಣ್ಣು ಹಾಕ್ತೀನಿ."

ಗಂಜಿ ಹಾಕದೆ ಮೆತ್ತಗೆ ನೇಯಿರಿ ಎಂದು ಬೇಡಿಕೊಂಡೆ. ಹುಣಸೆ ಬೀಜದ ಗಂಜಿ ಕುಡಿಸದ ಕಂಬಳಿ ಅವರ ಕೈಯಿಂದ ಹೊರಗೆ ಹೋಗಿದ್ದೇ ಇಲ್ಲ. "ಮೈಗೆ ಒಗ್ಗಾಕೆ ಒಂದು ಮಳೆಗಾಲ ಬೇಕು, ಆಮೇಲೆ ಜೀವ ಇರೋತಂಕ ಬಿಡಲ್ಲ" ಎಂದು ಹೇಳಿ ಎಂದಿಗಿಂತ ಗಟ್ಟಿಯಾಗಿಯೇ ಗಂಜಿ ಹಾಕಿ ಕಳಿಸಿದರು. ಹೊಲಿಯುವಾಗ ಮೆಷಿನ್ನಿನ ಆರು ಸೂಜಿ ಮುರಿದವು. ಕೋಟು ಹ್ಯಾಂಗರ್ ಇಲ್ಲದೆ ತಾನಾಗಿ ನಿಂತುಕೊಳ್ಳುತ್ತಿತ್ತು.

ಹರಾಜಿನ ದಿನ ಮಧ್ಯಾಹ್ನ ಅಜ್ಜ ಮುಂದಿನ ಸಾಲಿನಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತರು. ಮೊದಲು ಚಿತ್ರಗಳು. ಕುರಿ ಹಿಂಡಿನ ಚಿತ್ರವೊಂದು ಬಂದಾಗ ಎಲ್ಲರಿಗೂ ಕೇಳುವಂತೆ, "ಕಿವಿ ತಪ್ಪಾಗೈತೆ. ಇವು ನಮ್ಮ ಕಡಿ ಕುರಿ ಅಲ್ಲ" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಕೋಟೆಯ ದೊಡ್ಡ ತೈಲಚಿತ್ರ ಎಲ್ಲಕ್ಕಿಂತ ಹೆಚ್ಚಿನ ಬೆಲೆಗೆ ಹೋಯಿತು, ಚಪ್ಪಾಳೆ ಬಿತ್ತು. ಆಮೇಲೆ ರೇಷ್ಮೆಯ ಲಂಗ, ಕಸೂತಿಯ ಶೇರ್ವಾನಿ. ಎಲ್ಲ ಮುಗಿದ ಮೇಲೆ ನಮ್ಮ ಕೋಟು. ಮೇಜಿನ ಮೇಲೆ ಒಳಗೆ ಯಾರೂ ಇಲ್ಲದೆ ನೆಟ್ಟಗೆ ನಿಂತಿತ್ತು.

ಹರಾಜು ಕೂಗುವವರು ಮೂರು ಸಲ ಕೇಳಿದರೂ ಯಾರೂ ಕೈ ಎತ್ತಲಿಲ್ಲ. ಹಿಂದಿನಿಂದ ಒಬ್ಬ ತಮಾಷೆಗೆಂಬಂತೆ ಒಂದು ಬೆಲೆ ಕೂಗಿದ. ಉಣ್ಣೆಯ ಖರ್ಚೂ ಹುಟ್ಟದ ಬೆಲೆ. ಅಕ್ಕಪಕ್ಕದವರು ಕಿಸಕ್ಕೆಂದು ನಕ್ಕರು. ನಾನು ತಲೆ ತಗ್ಗಿಸಿದೆ. ಗಿರಾಕಿಗಳಿಗೆ "ನೀವೇ ನೋಡಿ ಕೊಡಿ" ಎಂದು ಹೇಳಿ ಹೇಳಿ ನನ್ನ ಬಾಯಿ ಒಗ್ಗಿಹೋಗಿತ್ತು. ಅದಕ್ಕೂ ಒಪ್ಪಿಬಿಡುತ್ತಿದ್ದೆನೇನೋ.

"ಒಂದು ಸಾರಿ, ಎರಡು ಸಾರಿ" ಎನ್ನುವಷ್ಟರಲ್ಲಿ ಅಜ್ಜ ಎದ್ದರು. ಸೀದಾ ವೇದಿಕೆ ಹತ್ತಿ ಕೋಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

"ಕೊಡಲ್ಲ."

"ಹಂಗೆ ವಾಪಸ್ ತಗಂಡು ಹೋಗಂಗಿಲ್ಲ ಅಜ್ಜ, ಹರಾಜಿದು" ಎಂದರು ಕೂಗುವವರು.

"ಯಾಕಪ್ಪ? ಸಂತಿಗೆ ತಂದ ಕುರೀನ ಬೆಲೆ ಕುದುರ್ಲಿಲ್ಲ ಅಂದ್ರೆ ಮನಿಗೆ ಹೊಡ್ಕಂಡು ಹೋಗಲ್ವಾ ನಾವು? ಅದೂ ಅಲ್ದೆ, ಮಾಲಿನ ಬೆಲೀನ ಹಿಂಗೆ ಊರಿಗೆಲ್ಲ ಕೇಳಂಗೆ ಕೂಗ್ತಾರಾ? ಬೇಕಾದೋರು ಬಂದು ಕೈ ಹಿಡೀರಿ." ಹೀಗೆಂದು ಹೆಗಲ ಕಂಬಳಿಯನ್ನು ಮುಂಗೈ ಮೇಲೆ ಇಳಿಬಿಟ್ಟುಕೊಂಡು ನಿಂತರು.

ಕುರಿ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ. ಬಟ್ಟೆಯ ಮರೆಯಲ್ಲಿ ಕೊಳ್ಳುವವನೂ ಮಾರುವವನೂ ಬೆರಳು ಅಮುಕಿ ಬೆಲೆ ಹೇಳಿಕೊಳ್ಳುತ್ತಾರೆ, ಮೂರನೆಯವರಿಗೆ ತಿಳಿಯುವುದಿಲ್ಲ. ಅಷ್ಟು ಜನರ ಸಭಾಂಗಣದಲ್ಲಿ ಅದು ಎಷ್ಟು ಮಂದಿಗೆ ಗೊತ್ತಿತ್ತೋ! ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೂರನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು ಬಂದರು. ಹಿರಿಯೂರಿನ ಹೆದ್ದಾರಿ ಪಕ್ಕ ಹೋಟೆಲು ನಡೆಸುವವರು. "ನಮ್ಮಪ್ಪ ಹೋರಿ ವ್ಯಾಪಾರ ಮಾಡ್ತಿದ್ರು ಅಜ್ಜ. ನನಗೂ ಬೆರಳು ಲೆಕ್ಕ ಬರ್ತೈತೆ" ಎಂದರು.

ಅಜ್ಜ ಒಂದು ಗಳಿಗೆ ತಡೆದರು. ಸಂತೆಯಲ್ಲಿ ಹೆಂಗಸಿನ ಜೊತೆ ಅವರು ಹೀಗೆ ವ್ಯಾಪಾರ ಮಾಡಿದ್ದೇ ಇಲ್ಲ. ಆಮೇಲೆ, "ಬರ್ರಿ ತಾಯಿ, ಲೆಕ್ಕ ಬಂದ್ರೆ ಸಾಕು" ಎಂದು ಕಂಬಳಿ ಎತ್ತಿದರು.

ಕಂಬಳಿಯೊಳಗೆ ಕೈಗಳು ಆಡುವುದಷ್ಟೇ ಕಾಣುತ್ತಿತ್ತು. ಅಜ್ಜ ತಲೆ ಅಲ್ಲಾಡಿಸಿದರು. ಆಕೆ ನಕ್ಕರು. ಅಜ್ಜ ಮತ್ತೆ ತಲೆ ಅಲ್ಲಾಡಿಸಿದರು. ಆಕೆ ಹುಬ್ಬೇರಿಸಿ, ತುಟಿ ಕಚ್ಚಿ, ಇನ್ನೊಂದು ಬೆರಳು ಅಮುಕಿದರೆಂದು ಕಾಣುತ್ತದೆ. ಹಿಂದಿನವರು ಕುರ್ಚಿಯ ಮೇಲೆ ಹತ್ತಿ ನಿಂತರು. ತಮಾಷೆಗೆ ಬೆಲೆ ಕೂಗಿದವನೂ ಹತ್ತಿ ನಿಂತಿದ್ದ.

"ಆತು," ಎಂದು ಅಜ್ಜ ಕಂಬಳಿ ಸರಿಸಿದರು.

"ಎಷ್ಟಕ್ಕೆ ಆತು?" ಎಂದು ಕೂಗುವವರು ಕೇಳಿದರು.

"ಅದು ನಮಗಿಬ್ರಿಗೆ ಗೊತ್ತು. ನೀವು ಸುತ್ತಿಗಿ ಬಡೀರಿ."

ಅವರು ಬಡಿದರು! ಆ ಏಟಿಗೆ ಎದ್ದ ಚಪ್ಪಾಳೆ, ಶಿಳ್ಳೆ ಕೋಟೆಯ ಚಿತ್ರಕ್ಕೂ ಬಿದ್ದಿರಲಿಲ್ಲ. ಆಕೆ ಅಲ್ಲೇ ಕೋಟು ತೊಟ್ಟು, ತೋಳು ಮಡಚಲಾಗದೆ ಕೈ ಚಾಚಿಕೊಂಡೇ ನಗುತ್ತ ಸಾಲುಗಳ ನಡುವೆ ನಡೆದರು. ಬೆಲೆ ಎಷ್ಟೆಂದು ದುಡ್ಡು ಕೈಗೆ ಬಂದಾಗ ನನಗೆ ತಿಳಿಯಿತು. ಇಲ್ಲಿ ಬರೆಯುವುದಿಲ್ಲ, ಅಜ್ಜನಿಗೆ ಮಾತು ಕೊಟ್ಟಿದ್ದೇನೆ. ಕೋಟೆ ಬರೆದ ಕಲಾವಿದರಿಗೆ ಅದು ಗೊತ್ತಾಗದಿರುವುದೇ ಒಳ್ಳೆಯದು ಎಂದಷ್ಟೇ ಹೇಳಬಲ್ಲೆ.

ಆ ವಾರವೇ ಹೊಸದುರ್ಗ, ಹೊಳಲ್ಕೆರೆಯಿಂದೆಲ್ಲ ಕೋಟು ಬೇಕೆಂದು ಫೋನು ಬಂದವು. ಒಬ್ಬರ ಕೈಯಲ್ಲಿ ಆಗದ ಕೆಲಸ. ಅಜ್ಜ ಸೊಸೆಯನ್ನು ಕರೆದು ಮಗ್ಗಕ್ಕೆ ಕೂರಿಸಿದರು. ನೂಲುವುದು ಹೆಂಗಸರಿಗೆ, ನೇಯುವುದು ಗಂಡಸರಿಗೆ ಎಂದು ನಡೆದುಬಂದ ಮನೆ ಅದು. ಓಣಿಯಲ್ಲಿ ಯಾರೋ ಆಡಿಕೊಂಡರೆ, "ಸಭಾದಾಗೇ ಹೆಣ್ಮಗಳ ಜೊತಿ ವ್ಯಾಪಾರ ಮಾಡಿ ಗೆದ್ದು ಬಂದೀನಿ, ಇದೇನು ಮಹಾ" ಎಂದರಂತೆ.

ಮೂರು ವರ್ಷ ಮಾವ ಸೊಸೆ ಸರದಿಯ ಮೇಲೆ ನೇಯ್ದರು. ಹೋದ ಮಾಘದಲ್ಲಿ ಅಜ್ಜ ಹೋದರು, ಊಟ ಮಾಡಿ ಮಲಗಿದವರು ಏಳಲಿಲ್ಲ. ನನ್ನ ಅಂಗಡಿಯಲ್ಲಿ ಈಗ "ನೀವೇ ನೋಡಿ ಕೊಡಿ" ಎನ್ನುವ ಮಾತಿಲ್ಲ. ಕೊಡಲ್ಲ ಎನ್ನಲು ಕಲಿಸಿದವರು ಅವರು. ಆ ಋಣವನ್ನು ಯಾವ ಬೆರಳಿನ ಮೇಲೆ ಎಣಿಸಲಿ?

ತಿಥಿಯ ಮರುವಾರ ಹೋಗಿದ್ದೆ. ಮಗ ಕೊನೆಗೂ ನಡುಮನೆಗೆ ಟೈಲ್ಸ್ ಹಾಕಿಸಿದ್ದ. ಗುಂಡಿ ಮುಚ್ಚಿಯೇಬಿಟ್ಟರು ಎಂದುಕೊಂಡೆ. ಹೊಳೆಯುವ ಬಿಳಿ ನೆಲದ ಮೇಲೆ ಹೆಜ್ಜೆಯಿಟ್ಟು ಒಳಗೆ ನೋಡಿದೆ. ಟೈಲ್ಸನ್ನು ಗುಂಡಿಯ ಅಂಚಿಗೆ ಸರಿಯಾಗಿ ಕತ್ತರಿಸಿ, ಸುತ್ತ ಕಟ್ಟೆಯಂತೆ ಕೂರಿಸಿದ್ದರು. ಸೊಸೆ ಅದರೊಳಗೆ ಕಾಲಿಳಿಬಿಟ್ಟು ಕೂತು, ತಲೆ ಎತ್ತದೆ ಹೇಳಿದಳು.

"ಅಲ್ಲೇ ಕುಂತ್ಕಳ್ರಿ ಅಕ್ಕ. ಇದೊಂದು ಗೇಣು ಮುಗಿಸಿ ಬರ್ತೀನಿ."